ಹಿರಿಯರ ಸಹಿ, ಕಿರಿಯರ ಹೊಣೆ

ಹುಟ್ಟಿದ ಊರನ್ನು ಬಿಟ್ಟು ಉದ್ಯೋಗನಿಮಿತ್ತ ದೂರದ ನಗರಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಒಂದು ಕಾಗದವು ಬಹು ಸುಲಭವಾಗಿ ಹುಟ್ಟಿಕೊಳ್ಳುತ್ತದೆ. ಮಗನು ಮುಂಬಯಿಯಲ್ಲೋ ಪುಣೆಯಲ್ಲೋ ಇರುತ್ತಾನೆ. ವೃದ್ಧ ತಾಯಿತಂದೆಯರು ಉಡುಪಿ, ಧಾರವಾಡ, ರಾಯಚೂರುಗಳ ಕಡೆ ಹಿರಿಯರ ಮನೆಯನ್ನು ಕಾಯ್ದುಕೊಂಡಿರುತ್ತಾರೆ. ಇಲ್ಲವೇ ತಾಯಿತಂದೆಯರು ಚೆನ್ನೈಯಲ್ಲಿ, ಮಗನು ಸಮುದ್ರದಾಚೆ. ಮನೆಯ ತೆರಿಗೆ ಕಟ್ಟಬೇಕು, ಬಾಡಿಗೆ ವಸೂಲು ಮಾಡಬೇಕು, ಹೊಲದ ಪಹಣಿ ತೆಗೆಸಬೇಕು, ಬ್ಯಾಂಕಿಗೆ ಹೋಗಬೇಕು. ಮೊಣಕಾಲು ನೋವಿನ ಹಿರಿಯರಿಂದ ಇವೊಂದೂ ಸಾಗದು. ಆಗ ಹಿತೈಷಿಗಳೊಬ್ಬರು, "ಒಂದು ಪವರ್ ಆಫ್ ಅಟಾರ್ನಿ ಮಾಡಿಸಿಬಿಡಿ, ಎಲ್ಲವೂ ಸಲೀಸು" ಎನ್ನುತ್ತಾರೆ. ಛಾಪಾ ಕಾಗದ ಬರುತ್ತದೆ. ಹಿರಿಯರು ಕನ್ನಡಕಕ್ಕಾಗಿ ತಡಕಾಡುತ್ತಾರೆ, ಅದು ಸಿಗದಿದ್ದರೆ, "ಓದುವುದೇನಿದೆ, ನಮ್ಮ ಹುಡುಗನೇ ಅಲ್ಲವೇ?" ಎಂದು ಸಹಿ ಮಾಡಿಬಿಡುತ್ತಾರೆ.

ಮುಖ್ತ್ಯಾರುನಾಮೆ ಎಂದು ನಮ್ಮ ಹಿಂದಿನವರು ಕರೆಯುತ್ತಿದ್ದ ಈ ಪತ್ರದ ಬಗ್ಗೆ ನಾಲ್ಕು ಮಾತುಗಳನ್ನು ವಾಚಕರಲ್ಲಿ ನಿವೇದಿಸಿಕೊಳ್ಳಬೇಕೆಂದು ಬಹುಕಾಲದಿಂದ ಮನಸ್ಸಿನಲ್ಲಿತ್ತು. ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಪ್ರೀತಿಯಿಂದ, ನಂಬಿಕೆಯಿಂದ ಕೊಟ್ಟ ಅಧಿಕಾರಕ್ಕೆ ಕಾನೂನಿನ ಕಟ್ಟುಪಾಡು ಹಾಕುವುದು ಸರಿಯೇ? ಹೆತ್ತ ಮಗನಿಂದ ಲೆಕ್ಕ ಕೇಳುವುದು ಅವನನ್ನು ಅವಮಾನಿಸಿದಂತಾಗುವುದಿಲ್ಲವೇ? ಅನೇಕ ಹಿರಿಯರು ಈ ಸಂಕೋಚದಿಂದಲೇ ಸುಮ್ಮನಿದ್ದಾರೆ. ಅನೇಕ ಕಿರಿಯರು ಆ ಸಂಕೋಚದ ಮರೆಯಲ್ಲಿಯೇ ತಪ್ಪಿದ್ದಾರೆ. ಹಾಗೆ ತಪ್ಪಿದವರಲ್ಲಿ ಈ ಲೇಖಕನೂ ಒಬ್ಬನಾದುದರಿಂದ ಮೊದಲು ನನ್ನ ಸಂಗತಿಯನ್ನೇ ಹೇಳುವುದು ಉಚಿತ.

ನನ್ನ ಸೋದರತ್ತೆಯವರು ಧಾರವಾಡದಲ್ಲಿದ್ದರು. ಮಕ್ಕಳಿಲ್ಲದ ವಿಧವೆ. ನಾಲ್ಕು ವರ್ಷ ಅವರ ಮನೆಯಲ್ಲಿ ಉಂಡು ನಾನು ಕಾಲೇಜು ಕಲಿತವನು. 2013ರಲ್ಲಿ ಅವರು ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಚಿಕಿತ್ಸೆಯ ನಂತರ ಡೊಂಬಿವಲಿಯ ನಮ್ಮ ಮನೆಗೆ ಕರೆತಂದೆವು. ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟದ್ದಾಯಿತು. ಅದರ ವ್ಯವಹಾರಕ್ಕೂ ಅವರ ಬ್ಯಾಂಕಿನ ಖಾತೆಗೂ ಸೇರಿ ನನ್ನ ಹೆಸರಿಗೆ ಸಾಮಾನ್ಯ ಮುಖ್ತ್ಯಾರುನಾಮೆಯನ್ನು ಬರೆದುಕೊಟ್ಟರು. ಮೊದಲ ವರ್ಷ ಎಲ್ಲವೂ ನೇರವಾಗಿತ್ತು. ಎರಡನೆಯ ವರ್ಷ ಮಗಳ ಇಂಜಿನಿಯರಿಂಗ್ ಶುಲ್ಕದ ಕಂತಿಗೆ ಹಣ ಸಾಲದೆ ಬಂತು. ಅತ್ತೆಯವರ ಖಾತೆಯಲ್ಲಿ ಬಾಡಿಗೆ ಹಣವಿತ್ತು. "ಎರಡು ತಿಂಗಳಲ್ಲಿ ತುಂಬಿಬಿಡೋಣ" ಎಂದುಕೊಂಡು ಅರವತ್ತು ಸಾವಿರ ತೆಗೆದೆ. ಎರಡು ತಿಂಗಳು ಹೋದವು. ಮತ್ತೊಂದು ಅಡಚಣೆ ಬಂದಾಗ ಇಪ್ಪತ್ತೈದು ಸಾವಿರ ತೆಗೆದೆ. ಯಾರೂ ಕೇಳಲಿಲ್ಲ, ಕೇಳಬೇಕಾದವರು ಒಳಕೋಣೆಯಲ್ಲಿ ಜಪಸರ ಹಿಡಿದು ಕುಳಿತಿದ್ದರು.

ಒಂದು ಸಂಜೆ ಅತ್ತೆಯವರು ನನ್ನನ್ನು ಕರೆದರು. ಮಾತನ್ನು ಎರಡು ಸಲ ಆರಂಭಿಸಿ ನಿಲ್ಲಿಸಿದರು. ಆಮೇಲೆ, "ನನ್ನ ಹಣದಲ್ಲಿ ಏನಾದರೂ ಉಳಿದಿದೆಯೇನಪ್ಪಾ? ಅವರ ವರ್ಷಾಬ್ದಿಕಕ್ಕೆ ಒಂದು ಗೋದಾನ ಮಾಡಿಸಬೇಕೆಂದಿತ್ತು. ಆಗುವುದಾದರೆ ಮಾತ್ರ" ಎಂದರು. ತಮ್ಮ ಹಣವನ್ನೇ ಸಾಲ ಕೇಳುವವರಂತೆ ಕೇಳಿದರು. ಆ ಮುಖವನ್ನು ನೋಡಿದ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ, ನಡೆದುದನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವರು, "ಮಗಳ ಓದಿಗೆ ಅಂದರೆ ನಾನೇ ಕೊಡುತ್ತಿದ್ದೆನಲ್ಲೋ. ಕೇಳಲಿಲ್ಲವಲ್ಲ" ಎಂದರು. ಅಷ್ಟೇ.

"ಕೇಳಿದ್ದರೆ ಕೊಡುತ್ತಿದ್ದರು" ಎಂಬ ಮಾತನ್ನೇ ಆವರೆಗೆ ನಾನು ನನ್ನ ಸಮಾಧಾನಕ್ಕೆ ಹೇಳಿಕೊಳ್ಳುತ್ತಿದ್ದೆ. ಅದೇ ಮಾತು ಅವರ ಬಾಯಿಂದ ಬಂದಾಗ ನನ್ನ ಅಪರಾಧದ ನಿಜವಾದ ಸ್ವರೂಪ ತಿಳಿಯಿತು. ಕೊಡುವವರಿಂದ ಕೇಳದೆ ತೆಗೆದುಕೊಂಡವನು ಎರಡು ವಸ್ತುಗಳನ್ನು ಅಪಹರಿಸುತ್ತಾನೆ. ಒಂದು ದ್ರವ್ಯ, ಇನ್ನೊಂದು ಕೊಡುವ ಅಧಿಕಾರ. ದ್ರವ್ಯವನ್ನು ಹಿಂದಿರುಗಿಸಬಹುದು. ಮೊಮ್ಮಗಳ ವಿದ್ಯೆಗೆ ತಾನು ಕೊಟ್ಟೆನೆಂಬ ತೃಪ್ತಿಯನ್ನು, ಆ ದಾನದ ಪುಣ್ಯವನ್ನು ಆ ವೃದ್ಧೆಗೆ ನಾನು ಹಿಂದಿರುಗಿಸಲಾರೆ. ವಯಸ್ಸಾದವರಿಗೆ ನಡೆಯುವ ಶಕ್ತಿ ಹೋಗುತ್ತದೆ, ಅಡುಗೆ ಮಾಡುವ ಶಕ್ತಿ ಹೋಗುತ್ತದೆ; ಕೊನೆಯವರೆಗೆ ಉಳಿಯಬಹುದಾದದ್ದು "ಇದು ನನ್ನದು, ಇದನ್ನು ಇಂಥವರಿಗೆ ಕೊಡುತ್ತೇನೆ" ಎನ್ನುವ ಸಂಕಲ್ಪಶಕ್ತಿಯೊಂದೇ. ಮುಖ್ತ್ಯಾರುನಾಮೆಯ ದುರುಪಯೋಗವು ಹೊಡೆಯುವುದು ಅದನ್ನೇ.

ಮುಖ್ತ್ಯಾರನು ಯಾರು? ಅವನು ಯಜಮಾನನ ಕೈ, ಯಜಮಾನನಲ್ಲ. ಶ್ರೀಮದಾನಂದತೀರ್ಥರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದುದನ್ನು ನಮ್ಮ ಮಕ್ಕಳೂ ಬಲ್ಲರು. ಲೌಕಿಕ ವ್ಯವಹಾರದ ಕಾಗದವೊಂದನ್ನು ಆ ಮಹಾತತ್ತ್ವಕ್ಕೆ ಹೋಲಿಸುವುದು ನನ್ನ ಉದ್ದೇಶವಲ್ಲ. ಆದರೆ ತನ್ನ ಕರ್ತೃತ್ವವೇ ಪರಾಧೀನವೆಂದು ದಿನವೂ ಅನುಸಂಧಾನ ಮಾಡುವವನು, ಮಾಡಿದ ಕರ್ಮವನ್ನೆಲ್ಲ ಕೃಷ್ಣನಿಗೆ ಅರ್ಪಿಸಿ ಏಳುವವನು, ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಪರರ ಹಣಕ್ಕೆ ತಾನೇ ಸ್ವತಂತ್ರನೆಂಬಂತೆ ನಡೆದರೆ ಬೆಳಗಿನ ಅನುಸಂಧಾನಕ್ಕೆ ಅರ್ಥವೇನುಳಿಯಿತು? ಪರಾಧೀನತೆಯ ಪಾಠವನ್ನು ಪರೀಕ್ಷಿಸುವ ಸ್ಥಳಗಳಲ್ಲಿ ಇದೂ ಒಂದು.

ಉತ್ತಮ ಮುಖ್ತ್ಯಾರನ ಆದರ್ಶವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಶ್ರೀರಾಮನ ಪಾದುಕೆಗಳನ್ನು ತಲೆಯ ಮೇಲಿಟ್ಟುಕೊಂಡು ಬಂದ ಭರತನು ಸಿಂಹಾಸನದ ಮೇಲೆ ತಾನು ಕುಳಿತುಕೊಳ್ಳಲಿಲ್ಲ, ಪಾದುಕೆಗಳನ್ನು ಕೂರಿಸಿದನು. ಅಯೋಧ್ಯೆಯ ಅರಮನೆಯಲ್ಲಿ ವಾಸಿಸದೆ ನಂದಿಗ್ರಾಮದಲ್ಲಿ ನಾರುಮಡಿಯುಟ್ಟು ಇದ್ದನು. ರಾಜ್ಯದ ಪ್ರತಿಯೊಂದು ಕಾರ್ಯವನ್ನೂ ಮೊದಲು ಪಾದುಕೆಗಳಿಗೆ ನಿವೇದಿಸಿ ಆಮೇಲೆ ನಡೆಸಿದನು. ಹದಿನಾಲ್ಕು ವರ್ಷಗಳ ಮೇಲೆ ರಾಮನು ಬಂದಾಗ ಪಾದುಕೆಗಳನ್ನು ಅವನ ಪಾದಗಳಿಗೆ ತೊಡಿಸಿ, ನ್ಯಾಸವಾಗಿಟ್ಟಿದ್ದ ರಾಜ್ಯವನ್ನು ಹಿಂದಿರುಗಿಸಿ, ಬೊಕ್ಕಸ, ಕಣಜ, ಸೈನ್ಯಗಳನ್ನು ಪರೀಕ್ಷಿಸಿ ನೋಡಬೇಕೆಂದು ಪ್ರಾರ್ಥಿಸಿ, ಎಲ್ಲವೂ ಹತ್ತು ಮಡಿಯಾಗಿರುವುದನ್ನು ತಿಳಿಸಿದನು. ಇಲ್ಲಿ ಗಮನಿಸಬೇಕಾದ ಸಂಗತಿ ಇದು: ರಾಮನು ಲೆಕ್ಕ ಕೇಳಲಿಲ್ಲ, ಭರತನೇ ಒಪ್ಪಿಸಿದನು. ಭರತನಿಗಿಂತ ಹೆಚ್ಚು ನಂಬಿಕೆಗೆ ಪಾತ್ರನಾದ ತಮ್ಮನು ಯಾರಿದ್ದಾನೆ? ಅಂಥವನೇ ಲೆಕ್ಕ ಒಪ್ಪಿಸಿದ ಮೇಲೆ, ಲೆಕ್ಕವೆಂದರೆ ಅಪನಂಬಿಕೆ ಎಂಬ ಮಾತು ನಿಲ್ಲುವುದಿಲ್ಲ.

ನಮ್ಮ ದೇಶದ ಇಂದಿನ ಕಾನೂನು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಮುಖ್ತ್ಯಾರುನಾಮೆಗಳಿಗೆ 1882ರ ಪ್ರತ್ಯೇಕ ಕಾಯಿದೆಯೊಂದಿದ್ದರೂ ಮುಖ್ತ್ಯಾರನ ಕರ್ತವ್ಯಗಳು ವಿವರವಾಗಿ ಇರುವುದು 1872ರ ಭಾರತೀಯ ಕರಾರು ಕಾಯಿದೆಯ ಹತ್ತನೆಯ ಅಧ್ಯಾಯದಲ್ಲಿ. ಯಜಮಾನನು ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸಲು ಪ್ರತಿನಿಧಿಯು ಬದ್ಧನೆಂದು 213ನೆಯ ಕಲಮು ಹೇಳುತ್ತದೆ. ಯಜಮಾನನಿಗೆ ತಿಳಿಸದೆ, ಒಪ್ಪಿಗೆ ಪಡೆಯದೆ ಪ್ರತಿನಿಧಿಯು ಆ ವ್ಯವಹಾರದಲ್ಲಿ ತನ್ನ ಸ್ವಂತಕ್ಕೆ ವ್ಯವಹರಿಸಿ, ಮುಖ್ಯ ಸಂಗತಿಗಳನ್ನು ಅಪ್ರಾಮಾಣಿಕವಾಗಿ ಮರೆಮಾಡಿದ್ದರೆ ಅಥವಾ ಯಜಮಾನನಿಗೆ ಹಾನಿಯಾಗಿದ್ದರೆ ಯಜಮಾನನು ಆ ವ್ಯವಹಾರವನ್ನು ತಳ್ಳಿಹಾಕಬಹುದು (215). ಹಾಗೆ ತಿಳಿಸದೆ ಗಳಿಸಿದ ಲಾಭವನ್ನು ತನ್ನದೆಂದು ಕೇಳಬಹುದು (216). ನ್ಯಾಯಾಲಯಗಳು ಮುಖ್ತ್ಯಾರುನಾಮೆಯ ಮಾತುಗಳನ್ನು ಬಿಗಿಯಾಗಿಯೇ ಅರ್ಥೈಸುತ್ತವೆ. ನೋಡಿಕೊಳ್ಳುವ ಅಧಿಕಾರದಲ್ಲಿ ಮಾರುವ ಅಧಿಕಾರ ತಾನಾಗಿ ಸೇರುವುದಿಲ್ಲ, ಮಾರುವ ಅಧಿಕಾರದಲ್ಲಿ ದಾನಪತ್ರ ಬರೆಯುವ ಅಧಿಕಾರ ಸೇರುವುದಿಲ್ಲ. ಸಾಮಾನ್ಯ ಮುಖ್ತ್ಯಾರುನಾಮೆಯನ್ನೇ ಕ್ರಯಪತ್ರದಂತೆ ಬಳಸಿ ಮನೆ ನಿವೇಶನಗಳನ್ನು ಕೈ ಬದಲಾಯಿಸುವ ರೂಢಿಯಿತ್ತಷ್ಟೆ. ಅದರಿಂದ ಮಾಲೀಕತ್ವ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 2011ರ ಅಕ್ಟೋಬರಿನಲ್ಲಿ, ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು.

ಎಲ್ಲಕ್ಕಿಂತ ಮುಖ್ಯವಾದದ್ದು 201ನೆಯ ಕಲಮು. ಯಜಮಾನನು ತೀರಿಕೊಂಡರೆ ಅಥವಾ ಅವನ ಬುದ್ಧಿಯ ಸ್ವಾಸ್ಥ್ಯ ಹೋದರೆ ಪ್ರತಿನಿಧಿಯ ಅಧಿಕಾರ ಮುಗಿಯಿತು. ಇದು ಅನೇಕರಿಗೆ ತಿಳಿಯದು. "ಅಮ್ಮನಿಗೆ ಮರೆವಿನ ಕಾಯಿಲೆ, ಏನೂ ಗೊತ್ತಾಗುವುದಿಲ್ಲ, ಅದಕ್ಕೇ ನನ್ನ ಹೆಸರಿನಲ್ಲಿ ಪವರ್ ಇದೆ" ಎಂದು ನಮ್ಮವರು ಸಹಜವಾಗಿ ಹೇಳುವುದನ್ನು ಕೇಳಿದ್ದೇನೆ. ಅಮ್ಮನಿಗೆ ಏನೂ ತಿಳಿಯದಾದ ದಿನದಿಂದ ಆ ಕಾಗದಕ್ಕೆ ಜೀವವಿಲ್ಲ. ಇಂಗ್ಲೆಂಡಿನಲ್ಲಿ ಬುದ್ಧಿ ಮಂದವಾದ ಮೇಲೂ ಊರ್ಜಿತವಾಗಿರುವ ಅಧಿಕಾರಪತ್ರಕ್ಕೆ 1985ರಲ್ಲೂ, ಪುನಃ 2005ರಲ್ಲೂ ಕಾಯಿದೆ ಮಾಡಿ, ನೋಂದಣಿಯನ್ನೂ ಮೇಲ್ವಿಚಾರಣೆಯನ್ನೂ ಇಟ್ಟರು. ನಮ್ಮಲ್ಲಿ ಅಂಥ ಏರ್ಪಾಡಿಲ್ಲದಿರುವುದರಿಂದ ಕುಟುಂಬದವರು ನ್ಯಾಯಾಲಯದ ಮೂಲಕ ಪಾಲಕರ ನೇಮಕವನ್ನು ಕೋರಬೇಕಾಗುತ್ತದೆ. ಪ್ರಜ್ಞೆ ತಪ್ಪಿ ಮಲಗಿದವರ ಬಗ್ಗೆ ಕೇರಳದ ಉಚ್ಚ ನ್ಯಾಯಾಲಯವು 2019ರಲ್ಲಿ ಮಾರ್ಗಸೂಚಿಗಳನ್ನು ಕೊಟ್ಟಿತು. ಇದು ತೊಡಕಿನ ದಾರಿಯೆಂಬುದು ನಿಜ. ಆದರೆ ಈ ಕಲಮಿನ ಹಿಂದೆ ಒಂದು ಧರ್ಮವಿದೆ. ಯಾರ ಇಚ್ಛೆಯನ್ನು ನಡೆಸಲು ಕೈಯಾಗಿದ್ದೇವೋ ಅವರ ಇಚ್ಛೆಯೇ ಅಡಗಿದ ಮೇಲೆ ಕೈ ತಾನಾಗಿ ಆಡಬಾರದು.

ವೃದ್ಧರ ವ್ಯವಹಾರಕ್ಕೆ ವಿಶೇಷ ರಕ್ಷಣೆ ಬೇಕೆಂಬುದು ಪರದೇಶದಿಂದ ಬಂದ ವಿಚಾರವಲ್ಲ. ಉನ್ಮತ್ತರು, ರೋಗಪೀಡಿತರು, ಪರಾಧೀನರು, ಬಾಲಕರು ಮಾಡಿದ ವ್ಯವಹಾರಗಳ ಜೊತೆಗೆ ಅತಿವೃದ್ಧರು ಮಾಡಿದ ವ್ಯವಹಾರವೂ ನಿಲ್ಲದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ಹೇಳುತ್ತದೆ. ಭೀತನ ವ್ಯವಹಾರವನ್ನು ಯಾಜ್ಞವಲ್ಕ್ಯಸ್ಮೃತಿಯೂ ಒಪ್ಪುವುದಿಲ್ಲ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಕರಾರು ಕಾಯಿದೆಯ 16ನೆಯ ಕಲಮು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ: ವಯಸ್ಸು, ಕಾಯಿಲೆ, ಸಂಕಟಗಳಿಂದ ಮನಸ್ಸು ಕುಂದಿದವರ ಮೇಲೆ ಪ್ರಭಾವ ಬೀರಬಲ್ಲವನು ಅವರಿಂದ ಅನ್ಯಾಯವೆಂದು ಮೇಲ್ನೋಟಕ್ಕೇ ಕಾಣುವ ಪತ್ರ ಬರೆಸಿಕೊಂಡರೆ, ಒತ್ತಾಯವಿರಲಿಲ್ಲವೆಂದು ತೋರಿಸುವ ಭಾರ ಅವನದೇ. ಊಟ, ಔಷಧಿ, ಆಸರೆಗಳಿಗೆ ಯಾರನ್ನು ಅವಲಂಬಿಸಿದ್ದಾರೋ ಅವರ ಮುಂದೆ ವೃದ್ಧರು ಭೀತರೇ. ನನ್ನ ಅತ್ತೆಯವರು ಮಾತನ್ನು ಎರಡು ಸಲ ನಿಲ್ಲಿಸಿದ್ದು ಏತಕ್ಕೆ? ನಮ್ಮ ಮನೆಯಲ್ಲಿ ಅವರನ್ನು ಯಾರೂ ಗದರಿಸಿದವರಲ್ಲ. ಆದರೂ ಅವರಿಗೆ ಅಂಜಿಕೆಯಿತ್ತು.

ಹಾಗಾದರೆ ಮಾಡಬೇಕಾದದ್ದೇನು? ನಾನು ಕಲಿತು ಆಚರಿಸಿದ ಕೆಲವು ಅಂಶಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ಮುಖ್ತ್ಯಾರುನಾಮೆ ನಿಜವಾಗಿ ಬೇಕೇ ಎಂದು ವಿಚಾರಿಸಬೇಕು. ಸಹಿ ಮಾಡಲಾರದ ಅಶಕ್ತ ಖಾತೆದಾರರು ಸಾಕ್ಷಿಗಳ ಸಮಕ್ಷಮ ಹೆಬ್ಬೆಟ್ಟೊತ್ತಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿನಲ್ಲಿ ಸೇವೆ ಒದಗಿಸಬೇಕೆಂದು 2017ರಲ್ಲಿ ಬ್ಯಾಂಕುಗಳಿಗೆ ಸೂಚನೆಯಾಗಿದೆ. ಹಾಸಿಗೆ ಹಿಡಿದವರ ಪತ್ರವನ್ನು ನೋಂದಾಯಿಸಲು ಅಧಿಕಾರಿಯೇ ಮನೆಗೆ ಬರುವ ಏರ್ಪಾಡು 1908ರ ನೋಂದಣಿ ಕಾಯಿದೆಯಲ್ಲಿದೆ. "ಓಡಾಡಲಾರರು" ಎಂಬುದೊಂದೇ ಸರ್ವಾಧಿಕಾರ ಬರೆಸಿಕೊಳ್ಳಲು ಕಾರಣವಾಗಬಾರದು.

ಎರಡನೆಯದಾಗಿ, ಬೇಕೇ ಆದರೆ ಸಾಮಾನ್ಯ ಮುಖ್ತ್ಯಾರುನಾಮೆಯ ಬದಲು ವಿಶೇಷ ಮುಖ್ತ್ಯಾರುನಾಮೆಯನ್ನು ಮಾಡಿಸತಕ್ಕದ್ದು. ಯಾವ ಮನೆ, ಯಾವ ಖಾತೆ, ಯಾವ ಕೆಲಸ ಎಂಬುದನ್ನು ಹೆಸರಿಸಿ, ಒಂದು ಅಥವಾ ಎರಡು ವರ್ಷದ ಅವಧಿಯನ್ನು ಗೊತ್ತುಪಡಿಸಿ, ಮಾರಾಟ, ದಾನ, ಅಡಮಾನ, ಹಕ್ಕುಬಿಡುಗಡೆ, ಸಾಲ ಇವುಗಳಿಗೆ ಅಧಿಕಾರವಿಲ್ಲವೆಂದು ಬರೆಸಬೇಕು. ಮೂರು ತಿಂಗಳಿಗೊಮ್ಮೆ ಬರಹದಲ್ಲಿ ಲೆಕ್ಕ ಕೊಡಬೇಕೆಂದೂ, ಅದರ ಪ್ರತಿಯು ಇನ್ನೊಬ್ಬ ಮಗಳಿಗೋ ತಮ್ಮನಿಗೋ ಹೋಗಬೇಕೆಂದೂ ಪತ್ರದಲ್ಲಿಯೇ ಇರಲಿ.

ಮೂರನೆಯದಾಗಿ, ಪತ್ರವನ್ನು ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಅಧಿಕಾರ ಪಡೆಯುವವನು ಆ ಹೊತ್ತಿಗೆ ಕೋಣೆಯಿಂದ ಹೊರಗಿರುವುದು ಮೇಲು. ವಕೀಲರು ಹಿರಿಯರ ಪರವಾಗಿ ಬಂದವರಾಗಿರಲಿ. ವಯಸ್ಸು ಹೆಚ್ಚಾಗಿದ್ದರೆ ಅಂದಿನ ದಿನಾಂಕದ ವೈದ್ಯರ ಪ್ರಮಾಣಪತ್ರವೂ ಇರಲಿ. ಮೂಲಪತ್ರವು ಹಿರಿಯರ ಪೆಟ್ಟಿಗೆಯಲ್ಲಿಯೇ ಇರಬೇಕು.

ನಾಲ್ಕನೆಯದಾಗಿ, ಬ್ಯಾಂಕಿನ ಸಂದೇಶಗಳು ಹಿರಿಯರ ಫೋನಿಗೇ ಬರಲಿ. ಎ.ಟಿ.ಎಂ. ಕಾರ್ಡನ್ನೂ ಅದರ ಗುಪ್ತಸಂಖ್ಯೆಯನ್ನೂ ಯಾರಿಗೂ ಕೊಡುವುದು ಬೇಡ. ಇವೆರಡು ಕೈ ಸೇರಿದವನಿಗೆ ಮುಖ್ತ್ಯಾರುನಾಮೆಯ ಅಗತ್ಯವೇ ಇರುವುದಿಲ್ಲ.

ಐದನೆಯದಾಗಿ, ಕೊಟ್ಟ ಅಧಿಕಾರವನ್ನು ಹಿಂತೆಗೆದುಕೊಳ್ಳಲು ಹಿರಿಯರು ಸಾಮಾನ್ಯವಾಗಿ ಸ್ವತಂತ್ರರು. ಆ ಆಸ್ತಿಯಲ್ಲಿ ಪ್ರತಿನಿಧಿಗೇ ಸ್ವಂತ ಹಿತಾಸಕ್ತಿಯಿದ್ದರೆ ಮಾತ್ರ ಕಾಯಿದೆ ಬೇರೆ ಹೇಳುತ್ತದೆ. ಪತ್ರದಲ್ಲಿ "ರದ್ದುಪಡಿಸಲಾಗದು" ಎಂಬ ಶಬ್ದ ಕಂಡಮಾತ್ರಕ್ಕೆ ಹೆದರಬೇಕಾಗಿಲ್ಲ. ಆದರೆ ರದ್ದತಿಯು ಪ್ರತಿನಿಧಿಗೆ ತಿಳಿಯುವವರೆಗೆ ಅವನ ಮಟ್ಟಿಗೂ, ಇತರರಿಗೆ ತಿಳಿಯುವವರೆಗೆ ಅವರ ಮಟ್ಟಿಗೂ ಜಾರಿಗೆ ಬರುವುದಿಲ್ಲ. ಆದ್ದರಿಂದ ಬಾಯಿಮಾತಿನಲ್ಲಿ ಬಿಡದೆ ರದ್ದತಿಪತ್ರ ಬರೆಸಿ, ಮೂಲವು ನೋಂದಣಿಯಾಗಿದ್ದರೆ ಇದನ್ನೂ ನೋಂದಾಯಿಸಿ, ಪ್ರತಿನಿಧಿಗೆ, ಬ್ಯಾಂಕಿಗೆ, ಬಾಡಿಗೆದಾರರಿಗೆ ಲಿಖಿತವಾಗಿ ತಿಳಿಸಬೇಕು.

ಅನ್ಯಾಯವು ಆಗಿಯೇ ಹೋಗಿದ್ದರೆ ಸುಮ್ಮನೆ ಕುಳಿತುಕೊಳ್ಳಬಾರದು. ಮೋಸದ ಪತ್ರವನ್ನು ರದ್ದುಪಡಿಸಲು ದಾವೆ ಹೂಡುವ ಅವಧಿ, ಸಂಗತಿ ತಿಳಿದಂದಿನಿಂದ ಮೂರು ವರ್ಷ. ಪ್ರತಿನಿಧಿಯು ಹಣವನ್ನು ಅಪ್ರಾಮಾಣಿಕವಾಗಿ ಬಳಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಂತೆ ನಂಬಿಕೆದ್ರೋಹದ ಅಪರಾಧ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ 2007ರ ಕಾಯಿದೆಯ 23ನೆಯ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವನು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ನ್ಯಾಯಮಂಡಳಿಯ ಮೂಲಕ ರದ್ದುಪಡಿಸಿಕೊಳ್ಳಲು ಅವಕಾಶ ಕೊಡುತ್ತದೆ. ಆ ಷರತ್ತು ಇತ್ತೆಂದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಇದು ಹಿರಿಯರ ಹಿತಕ್ಕಾಗಿ ಇರುವ ಕಾಯಿದೆಯಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಹೇಳಿತು. ಹಾಗಾಗಿ ದಾನಪತ್ರ ಬರೆಯುವವರು ಆ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಜಾಣತನ. ಎಲ್ಲಿಗೆ ಹೋಗಬೇಕೆಂದು ತೋಚದವರು 14567 ಎಂಬ ಹಿರಿಯರ ಸಹಾಯವಾಣಿಗೆ ಫೋನು ಮಾಡಬಹುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಧರ್ಮವು ಅರ್ಧವಾಗುತ್ತದೆ. ರಕ್ಷಣೆಯ ಹೆಸರಿನಲ್ಲಿಯೂ ಅಪಹರಣ ನಡೆಯುತ್ತದೆ. "ನಿನಗೆ ತಿಳಿಯುವುದಿಲ್ಲ, ಯಾರಾದರೂ ಮೋಸ ಮಾಡಿಯಾರು" ಎಂದು ಹಿರಿಯರ ಚೆಕ್ ಪುಸ್ತಕವನ್ನು ಕಿತ್ತಿಟ್ಟುಕೊಳ್ಳುವ ಮಗಳು, ಅಣ್ಣನ ಮೇಲಿನ ಸಿಟ್ಟಿಗೆ ತಾಯಿಯನ್ನು ನ್ಯಾಯಾಲಯಕ್ಕೆ ಎಳೆಯುವ ತಮ್ಮ, ಇವರೂ ಆ ಹಿರಿಯರ ಸಂಕಲ್ಪವನ್ನೇ ಕಸಿಯುತ್ತಾರೆ. ಬುದ್ಧಿ ನೆಟ್ಟಗಿರುವ ತಾಯಿಯು ತನ್ನ ಹಣವನ್ನು ನಮಗೆ ಸರಿಕಾಣದ ರೀತಿಯಲ್ಲಿ ಖರ್ಚು ಮಾಡಿದರೆ ಅದು ಅವಳ ಅಧಿಕಾರ. ಹಿರಿಯರನ್ನು ಕೇಳಿ, ಹಿರಿಯರಿಗೆ ತಿಳಿಸಿ ನಡೆಯುವುದೇ ಇವೆರಡು ಬಗೆಯ ತಪ್ಪುಗಳಿಗೂ ಮದ್ದು.

ನಾನು ತೆಗೆದ ಎಂಬತ್ತೈದು ಸಾವಿರವನ್ನು ತುಂಬಲು ಹತ್ತು ತಿಂಗಳು ಹಿಡಿಯಿತು. ಗೋದಾನವು ಆ ವರ್ಷವೇ ನಡೆಯಿತು. ಹಳೆಯ ಪತ್ರವನ್ನು ರದ್ದುಪಡಿಸಿ ಬಾಡಿಗೆ ಮತ್ತು ತೆರಿಗೆಗಷ್ಟೇ ಸೀಮಿತವಾದ ಹೊಸ ಪತ್ರವನ್ನು ಮಾಡಿಸೋಣವೆಂದು ನಾನೇ ಅತ್ತೆಯವರನ್ನು ಬೇಡಿಕೊಂಡೆ. "ಈಗ ಯಾಕೋ ಇದೆಲ್ಲ?" ಎಂದರು. "ನಿಮಗಾಗಿ ಅಲ್ಲ, ನನಗಾಗಿ" ಎಂದೆ. ಪ್ರತಿ ತಿಂಗಳ ಮೊದಲ ಭಾನುವಾರ ಲೆಕ್ಕದ ಪುಸ್ತಕವನ್ನು ಅವರ ಮುಂದಿಡುತ್ತಿದ್ದೆ. ಮೊದಮೊದಲು ನೋಡದೆ ಮುಚ್ಚಿಡುತ್ತಿದ್ದವರು ಬರಬರುತ್ತ ಭೂತಗನ್ನಡಿ ಹಿಡಿದು ಓದತೊಡಗಿದರು. ಒಮ್ಮೆ ಕೂಡಿಸುವಲ್ಲಿ ನಲವತ್ತು ರೂಪಾಯಿಯ ತಪ್ಪನ್ನು ಹಿಡಿದು ಮನೆಯವರಿಗೆಲ್ಲ ಹೇಳಿ ನಕ್ಕರು. ಮನೆಯಲ್ಲಿ ಅವರ ದನಿ ಸ್ವಲ್ಪ ಎತ್ತರವಾಯಿತೆಂದು ನನ್ನ ಹೆಂಡತಿ ಹೇಳಿದಳು. ಮೊಮ್ಮಗಳ ಕೊನೆಯ ವರ್ಷದ ಶುಲ್ಕವನ್ನು ತಾವೇ ಕೊಡುವೆನೆಂದು ಹಟ ಹಿಡಿದು, ಚೆಕ್ಕಿಗೆ ನಡುಗುವ ಕೈಯಿಂದ ತಾವೇ ಸಹಿ ಮಾಡಿದರು.

2019ರಲ್ಲಿ ಅವರು ಹರಿಪಾದವನ್ನು ಸೇರಿದರು. ಆ ದಿನವೇ ನನ್ನ ಅಧಿಕಾರವೂ ಮುಗಿಯಿತು. ಅವರ ಉಯಿಲಿನಂತೆ ನಡೆಯಬೇಕಾದುದು ನಡೆಯಿತು. ಲೆಕ್ಕದ ಪುಸ್ತಕವನ್ನು ಅವರ ಮೈದುನನ ಮಕ್ಕಳಿಗೆ ತೋರಿಸಿ ಸಹಿ ಪಡೆದೆ.

ವಾಚಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಕಪಾಟಿನಲ್ಲಿ ಇಂಥ ಪತ್ರವೊಂದು ಇದ್ದೀತು. ಬರುವ ರಜಾದಿನದಂದು ಅದನ್ನು ತೆಗೆದು, ಸಹಿ ಮಾಡಿದ ಹಿರಿಯರ ಪಕ್ಕದಲ್ಲಿ ಕುಳಿತು, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿರಿ. ಅವರು ಕೇಳುವುದಕ್ಕೆ ಮೊದಲೇ ಲೆಕ್ಕವನ್ನು ಒಪ್ಪಿಸಿರಿ. ಕೇಳಲು ಅವರು ಸಂಕೋಚಪಡುತ್ತಾರೆ. ಆ ಸಂಕೋಚವನ್ನು ಕಳೆಯುವ ಹೊಣೆ ಅಧಿಕಾರವನ್ನು ಪಡೆದವರದು.

॥ ಶ್ರೀಕೃಷ್ಣಾರ್ಪಣಮಸ್ತು ॥